ಮೊದಲ ತಟ್ಟೆ ಅತ್ತೆಯವರಿಗೆ

ಕಡೂರು ತಾಲ್ಲೂಕಿನ ಹಿರೇನಲ್ಲೂರು ನನ್ನ ಅತ್ತೆಯವರ ಊರು. ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಾಲಯ, ತೆಂಗಿನ ತೋಟಗಳು, ಮಳೆಯ ದಾರಿ ನೋಡುವ ಬಯಲು ಹೊಲಗಳು, ಇಷ್ಟು ಹೇಳಿದರೆ ಊರಿನ ಚಿತ್ರ ಬಂದೀತು. ರಜೆ ಬಂದಾಗಲೆಲ್ಲ ನಾವು ಬೆಂಗಳೂರಿನಿಂದ ಅಲ್ಲಿಗೆ ಹೋಗುವುದುಂಟು. ಹೋದ ದಿನದಿಂದ ಹೊರಡುವ ದಿನದವರೆಗೂ ಆ ಮನೆಯಲ್ಲಿ ಒಂದು ಕ್ರಮ ಮಾತ್ರ ತಪ್ಪುವುದಿಲ್ಲ. ಒಲೆಯ ಮುಂದೆ ಅತ್ತೆಯವರು. ತಟ್ಟೆಯ ಮುಂದೆ ಉಳಿದವರೆಲ್ಲ. “ನೀವೂ ಕೂತ್ಕೊಳ್ಳಿ ಅತ್ತೆ” ಎಂದರೆ, “ನೀವು ತಿನ್ನಿ, ಆರಿಹೋಗುತ್ತೆ. ನಂದು ಆಮೇಲಾಗುತ್ತೆ” ಎಂಬುದೊಂದೇ ಉತ್ತರ. ಆ ‘ಆಮೇಲೆ’ ಬರುವ ಹೊತ್ತಿಗೆ ಅಕ್ಕಿರೊಟ್ಟಿ ತಣ್ಣಗಾಗಿ ಬಿರುಸಾಗಿರುತ್ತದೆ, ಚಟ್ನಿ ತಳ ಕಂಡಿರುತ್ತದೆ. ನಾವು ಹೆಂಗಸರಿಗೆ ಇದು ಹೊಸತೇನೂ ಅಲ್ಲ. ಆದ್ದರಿಂದಲೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಳೆದ ದಸರೆಯ ರಜೆಯಲ್ಲಿ ನನ್ನ ಮಗಳು, “ಅಜ್ಜಿ, ಭಾನುವಾರ ಬ್ರಂಚ್ ಮಾಡೋಣ” ಎಂದಳು. ಬೆಳಗಿನ ತಿಂಡಿಗೆ ತಡವೆನಿಸುವ, ಮಧ್ಯಾಹ್ನದ ಊಟಕ್ಕೆ ಬೇಗವೆನಿಸುವ ಹೊತ್ತಿನಲ್ಲಿ ಎರಡನ್ನೂ ಕೂಡಿಸಿ ನಿಧಾನವಾಗಿ ಉಣ್ಣುವುದಕ್ಕೆ ಈ ಹೆಸರು. 1895ರಲ್ಲಿ ಇಂಗ್ಲೆಂಡಿನ ಗೈ ಬೆರಿಂಜರ್ ಎಂಬ ಲೇಖಕರು ಭಾನುವಾರದ ಇಂಥ ಊಟವನ್ನು ಎತ್ತಿಹಿಡಿದು ಲೇಖನವೊಂದನ್ನು ಬರೆದರು. ಪದ ಅಲ್ಲಿಂದ ಬಳಕೆಗೆ ಬಂದಿತು. ವಿವರವನ್ನೆಲ್ಲ ಕೇಳಿ ಅತ್ತೆಯವರು ನಕ್ಕರು. “ಹೊಲದ ಕೆಲಸ ಮುಗಿಸ್ಕೊಂಡು ಬಂದೋರು ಹತ್ತು ಗಂಟೆಗೆ ಉಣ್ತಿದ್ರಲ್ಲ, ಅದಕ್ಕೆ ಇಂಗ್ಲಿಷಿನ ಹೆಸರೇ?”

ಕಡೂರಿನ ಬೇಕರಿಯಿಂದ ಹಿಂದಿನ ದಿನ ತಂದ ಬ್ರೆಡ್ಡು ಮರೆತುಹೋಗಿ ಗೂಡಿನಲ್ಲೇ ಉಳಿದಿತ್ತು. “ಫ್ರೆಂಚ್ ಟೋಸ್ಟ್ ಮಾಡಬಹುದು” ಎಂದೆ. ಅತ್ತೆಯವರ ಮುಖ ಸಪ್ಪಗಾಯಿತು. “ಬ್ರೆಡ್ಡು ಜ್ವರದೋರಿಗೆ ಕಣಮ್ಮ. ನಿನ್ನ ಗಂಡನಿಗೆ ಏಳು ವರ್ಷವಿದ್ದಾಗ ಟೈಫಾಯಿಡ್ ಬಂದಿತ್ತು. ಇಪ್ಪತ್ತೊಂದು ದಿನ ಹಾಲಲ್ಲಿ ಅದ್ದಿ ಅದನ್ನೇ ತಿನ್ನಿಸಿದೆ. ಆಮೇಲೆ ಅದರ ವಾಸನೆ ಬಂದ್ರೆ ನಂಗೆ ಆ ರಾತ್ರಿಗಳೇ ಜ್ಞಾಪಕ ಬರ್ತವೆ” ಎಂದರು. ಮದುವೆಯಾಗಿ ಇಷ್ಟು ವರ್ಷವಾದರೂ ಈ ಸಂಗತಿ ನನಗೆ ತಿಳಿದಿರಲಿಲ್ಲ. ಸ್ವಲ್ಪ ತಡೆದು ಅವರೇ ಕೇಳಿದರು: “ಅದೂ ಅಲ್ಲದೆ, ಇದಕ್ಕೆ ಮೊಟ್ಟೆ ಹಾಕ್ತಾರಂತಲ್ಲ?”

ಬ್ರೆಡ್ಡಿನ ವಿಷಯದಲ್ಲಿ ಆ ಅಂಜಿಕೆ ಬೇಕಿರಲಿಲ್ಲ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಎಚ್. ಎಸ್. ತಿರುಮಲಾಚಾರ್ ಅವರು ಆರಂಭಿಸಿದ ಬೇಕರಿಯಿಂದ ಮೊದಲಾಗಿ ನಾಡಿನಲ್ಲೆಲ್ಲ ಹರಡಿದ ಅಯ್ಯಂಗಾರ್ ಬೇಕರಿಗಳ ಪದ್ಧತಿಯೇ ಮೊಟ್ಟೆಯಿಲ್ಲದ ಬ್ರೆಡ್ಡು. ಉಳಿದದ್ದು ಟೋಸ್ಟಿನ ಮೊಟ್ಟೆ. ಅದಕ್ಕೆ ಬದಲಾಗಿ ಒದಗುವುದು ಕಸ್ಟರ್ಡ್ ಪುಡಿ. ಇದರ ಹುಟ್ಟಿಗೂ ಒಂದು ಸಂಸಾರದ ಕಥೆಯುಂಟು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ 1837ರಲ್ಲಿ ಇದನ್ನು ಕಂಡುಹಿಡಿದದ್ದು, ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ. ಒಬ್ಬಳು ಕೂಡ ಬಿಟ್ಟುಹೋಗದೆ ಎಲ್ಲರೊಡನೆ ಉಣ್ಣಲಿ ಎಂದು ಮಾಡಿದ ಪುಡಿ ಅದು!

ಫ್ರೆಂಚರು ಈ ತಿಂಡಿಯನ್ನು ಕರೆಯುವುದು ‘ಕಳೆದುಹೋದ ರೊಟ್ಟಿ’ ಎಂದು. ಒಣಗಿ ಬಿಸಾಡಬೇಕಾಗಿದ್ದುದನ್ನು ಹಾಲಿನಲ್ಲಿ ಅದ್ದಿ ಮರಳಿ ಪಡೆಯುವುದರಿಂದ ಆ ಹೆಸರು. ಪ್ರಾಚೀನ ರೋಮಿನ ಅಪೀಸಿಯಸ್ ಹೆಸರಿನ ಪಾಕಗ್ರಂಥದಲ್ಲಿಯೇ ರೊಟ್ಟಿಯ ಚೂರುಗಳನ್ನು ಹಾಲಿನಲ್ಲಿ ನೆನೆಸಿ, ಕರಿದು, ಜೇನು ಸುರಿಯುವ ಕ್ರಮವಿದೆ. ಹಳೆಯ ಬ್ರೆಡ್ಡೇ ಏಕೆ ಎಂದರೆ, ಹೊಸ ಬ್ರೆಡ್ಡು ಮೆತ್ತಗಿದ್ದು ಹಾಲಿನಲ್ಲಿ ಮುದ್ದೆಯಾಗುತ್ತದೆ. ಒಂದು ದಿನ ಕಳೆದರೆ ಅದರೊಳಗಿನ ಪಿಷ್ಟ ಬಿಗಿಯಾಗಿ, ಹಾಲನ್ನು ಹೀರಿಯೂ ಆಕಾರ ಕೆಡದೆ ನಿಲ್ಲುತ್ತದೆ. ಬೂಷ್ಟು ಕಂಡರೆ ಮಾತ್ರ ಮರುಯೋಚನೆಯಿಲ್ಲದೆ ಎಸೆದುಬಿಡಿ.

ನಾನು ಮಾಡಿದ ಕ್ರಮವಿದು. ಮುಕ್ಕಾಲು ಅಂಗುಲ ದಪ್ಪದ ಎಂಟು ಹೋಳುಗಳಿಗೆ 400 ಮಿಲಿಲೀಟರ್ ಕಾಯಿಸಿ ಆರಿಸಿದ ಹಾಲು, 3 ದೊಡ್ಡ ಚಮಚ ಕಸ್ಟರ್ಡ್ ಪುಡಿ, 3 ದೊಡ್ಡ ಚಮಚ ಸಕ್ಕರೆ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಪುಡಿಯನ್ನು ಮೊದಲು ಸ್ವಲ್ಪ ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದಂತೆ ಕಲಸಿ, ಅನಂತರ ಉಳಿದ ಹಾಲಿಗೆ ಸೇರಿಸಬೇಕು. ಅದು ಅಡಿಯಲ್ಲಿ ಕೂರುವ ಸ್ವಭಾವದ್ದು. ಪ್ರತಿ ಹೋಳು ಅದ್ದುವ ಮುನ್ನ ತಿರುವುವುದನ್ನು ಮರೆಯಬಾರದು. ಪಕ್ಕಕ್ಕೆ 15 ಸೆಕೆಂಡಿನಷ್ಟು ನೆನೆದರೆ ಸಾಕು. ಕಾವಲಿಗೆ ತುಪ್ಪ ಸವರಿ, ಸಣ್ಣ ಉರಿಯಲ್ಲಿ ಪಕ್ಕಕ್ಕೆ ಮೂರು ನಾಲ್ಕು ನಿಮಿಷ ಬೇಯಿಸಿದರೆ ಹೊರಗೆ ಹೊಂಬಣ್ಣ, ಒಳಗೆ ಮೃದು. ಉರಿ ಹೆಚ್ಚಾದರೆ ಸಕ್ಕರೆ ಕಪ್ಪಾಗಿ, ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಮೊಟ್ಟೆ ತಿನ್ನುವ ಮನೆಗಳಲ್ಲಿ ಪುಡಿಯನ್ನು ಬಿಟ್ಟು, 4 ಮೊಟ್ಟೆಗೆ 300 ಮಿಲಿಲೀಟರ್ ಹಾಲು ಹಾಕಿ ಕದಡಿಕೊಳ್ಳಬಹುದು.

ಮೇಲೆ ಸುರಿಯಲು ಜೇನೇಕೆ, ತೆಂಗಿನ ಸೀಮೆಯಲ್ಲಿ? ಶಾವಿಗೆಗೆ ಮಾಡುವ ಕಾಯಿಹಾಲೇ ಆಗಬಹುದು ಎಂದವರು ಅತ್ತೆಯವರು. 150 ಗ್ರಾಂ ಬೆಲ್ಲವನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ, ಸೋಸಿ ಆರಿಸಿ, ಒಂದು ತೆಂಗಿನಕಾಯಿಯನ್ನು ರುಬ್ಬಿ ಹಿಂಡಿದ ದಪ್ಪ ಹಾಲನ್ನು ಬೆರೆಸಿದರಾಯಿತು. ಬೆರೆಸಿದ ಮೇಲೆ ಕುದಿಸಕೂಡದು, ಒಡೆದುಹೋಗುತ್ತದೆ. ಜೊತೆಗೆ ತುಪ್ಪದಲ್ಲಿ ಬಾಡಿಸಿದ ಏಲಕ್ಕಿಬಾಳೆಯ ಹೋಳುಗಳು.

ಇನ್ನು ಉಳಿದದ್ದು ಮುಖ್ಯ ಪ್ರಶ್ನೆ. ಈ ತಿಂಡಿ ಕಾವಲಿಯಿಂದ ನೇರವಾಗಿ ತಟ್ಟೆಗೆ ಬರಬೇಕು. ಹಾಗಾದರೆ ಕಾವಲಿಯ ಮುಂದೆ ಯಾರಾದರೂ ನಿಲ್ಲಲೇಬೇಕಲ್ಲ! ರಾತ್ರಿಯೇ ಡಿಕಾಕ್ಷನ್ ಇಳಿಸಿ, ಬೆಲ್ಲ ಕರಗಿಸಿ ಇಟ್ಟೆವು. ಬೆಳಗ್ಗೆ ಎರಡು ಒಲೆಗೂ ಒಂದೊಂದು ಕಾವಲಿ. ಒಮ್ಮೆಗೇ ಎಂಟು ಹೋಳುಗಳು. ಮಗುಚುವ ಕೈಯನ್ನು ನಮ್ಮವರ ಕೈಗೆ ಕೊಟ್ಟೆ. ಅಂದು ಟೈಫಾಯಿಡ್ ಮಲಗಿಸಿದ್ದ ಹುಡುಗ ಒಲೆಯ ಮುಂದೆ ಬೆವರುತ್ತ ನಿಂತರು. ಮಗಳು ಅಜ್ಜಿಯ ಭುಜ ಹಿಡಿದು ಕೂರಿಸಿದಳು.

ಅತ್ತೆಯವರು ಕೂತರು ನಿಜ, ಮನಸ್ಸು ಕೂರಲಿಲ್ಲ. “ಉರಿ ಸಣ್ಣ ಮಾಡೋ”, “ತುಪ್ಪ ಅಂಚಿಗೆ ಬಿಡು” ಎಂದು ಎರಡು ಸಲ ಎದ್ದರು, ಎರಡು ಸಲವೂ ಮೊಮ್ಮಗಳು ಬಿಡಲಿಲ್ಲ. ಮೊದಲ ತಟ್ಟೆ ಅವರ ಮುಂದೆ ಬಂತು. ಹೋಳಿನಿಂದ ಹಬೆ ಏಳುತ್ತಿತ್ತು. ಒಂದು ತುಂಡು ಬಾಯಿಗಿಟ್ಟು ಸುಮ್ಮನಿದ್ದರು. “ಹೇಗಿದೆಯಮ್ಮ?” ಎಂದು ಒಲೆಯ ಕಡೆಯಿಂದಲೇ ಮಗ ಕೇಳಿದರು. “ಬಿಸಿಯಾಗಿದೆ” ಎಂದರು ಅತ್ತೆಯವರು. ನಾನು ತಲೆ ತಗ್ಗಿಸಿದೆ. ಇಷ್ಟು ವರ್ಷಗಳಲ್ಲಿ ಬಿಸಿಯಾದುದನ್ನು ಆ ತಟ್ಟೆಗೆ ನಾವು ಬಡಿಸಿದ ನೆನಪು ನನಗೆ ಬರಲಿಲ್ಲ.

ಗೃಹಿಣಿಯರೇ, ತುಪ್ಪ, ಸಕ್ಕರೆ, ಹಾಲು ಎಲ್ಲವೂ ಧಾರಾಳವಾಗಿರುವ ಈ ತಿಂಡಿ ದಿನನಿತ್ಯದ್ದಲ್ಲ, ತಿಂಗಳಿಗೊಮ್ಮೆಯ ಭೋಗ. ಆದರೆ ಅಡಿಗೆ ಮಾಡಿದವರೂ ಎಲ್ಲರೊಡನೆ ಕೂತು ಬಿಸಿಯಾಗಿ ಉಣ್ಣುವುದನ್ನು ತಿಂಗಳಿಗೊಮ್ಮೆಗೆ ಮೀಸಲಿಡಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಎರಡನೆಯ ಕಾವಲಿ, ಮತ್ತು ಮನೆಯ ಗಂಡಸರದೊಂದು ಕೈ.

ಸಂಕ್ರಾಂತಿಗೆ ಮತ್ತೆ ಊರಿಗೆ ಹೋಗುವ ಮುನ್ನ ಫೋನು ಮಾಡಿ, “ಏನಾದರೂ ತರಲೇ ಅತ್ತೆ?” ಎಂದೆ. “ಏನೂ ಬೇಡಮ್ಮ, ಕಾಯಿ ಸುಲಿದಿಟ್ಟಿದ್ದೀನಿ. ಬ್ರೆಡ್ಡೂ ನಿನ್ನೆಯೇ ತರಿಸಿದ್ದೀನಿ, ನಾಳೆಗೆ ಹದವಾಗಿರುತ್ತೆ” ಎಂದರು.