ಡೀಸೆಲ್‌ಗೂ ‘ಟಾನಿಕ್’ ಬೇಕೆ?



ಕೃಷಿ ಮೇಳಗಳಲ್ಲಿ ತಳಿ, ಗೊಬ್ಬರ, ರೋಗಗಳ ಮಾತು ಮುಗಿದ ಮೇಲೆ ಚೀಲದಿಂದ ಒಂದು ಪುಟ್ಟ ಸೀಸೆ ತೆಗೆದು, “ಸಾರ್, ಇದನ್ನು ಪಿಕಪ್ ಗಾಡಿಯ ಡೀಸೆಲ್‌ಗೆ ಹಾಕಿದರೆ ಮೈಲೇಜ್ ಹೆಚ್ಚುತ್ತದಂತೆ, ಹಾಕಬಹುದೇ?” ಎಂದು ಕೇಳುವವರು ಈಗ ಇದ್ದಾರೆ. ನಾನು ಬೇಸಾಯಶಾಸ್ತ್ರದವನು, ಇಂಜಿನ್ ಬಿಚ್ಚುವವನಲ್ಲ. ಆದರೂ ಈ ಪ್ರಶ್ನೆ ನನಗೆ ಹೊಸದೆನಿಸುವುದಿಲ್ಲ. ಬೆಳೆಗೆ ಹೊಡೆಯುವ ‘ಟಾನಿಕ್’ಗಳ ಬಗ್ಗೆ ವರ್ಷವಿಡೀ ಕೇಳುವ ಪ್ರಶ್ನೆಯೇ ಇದು. ಮಣ್ಣಿನಲ್ಲಿ ಸತುವಿನ ಕೊರತೆ ಇದ್ದರೆ ಸತು ಕೊಟ್ಟಾಗ ಬೆಳೆ ಸ್ಪಂದಿಸುತ್ತದೆ. ಕೊರತೆಯೇ ಇಲ್ಲದಿದ್ದರೆ ಖರ್ಚು ಮಾತ್ರ ಉಳಿಯುತ್ತದೆ. ಇಂಜಿನ್‌ಗೂ ಹೀಗೆಯೇ. ನಮ್ಮಲ್ಲಿ ಮಾರಾಟವಾಗುತ್ತಿರುವ ಇಂತಹ ಸೀಸೆಗಳಲ್ಲಿ ಬಹುಪಾಲು ನಿಮ್ಮ ಗಾಡಿಗೆ ಬೇಕಾಗಿಲ್ಲ ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ.

ಮೊದಲು ನೀವು ಬಂಕಿನಲ್ಲಿ ಹಾಕಿಸುವ ಡೀಸೆಲ್‌ನಲ್ಲಿ ಏನಿದೆ ಎಂಬುದನ್ನು ತಿಳಿಯಬೇಕು. 2020ರ ಏಪ್ರಿಲ್‌ನಿಂದ ದೇಶದೆಲ್ಲೆಡೆ ಬಿ.ಎಸ್.-6 ದರ್ಜೆಯ ಡೀಸೆಲ್ ಮಾರಾಟಕ್ಕೆ ಬಂದಿದೆ. ಹಿಂದಿನ ಬಿ.ಎಸ್.-4 ಡೀಸೆಲ್‌ನಲ್ಲಿ ಹತ್ತು ಲಕ್ಷ ಭಾಗಕ್ಕೆ 50 ಭಾಗದವರೆಗೆ ಗಂಧಕ ಇರಬಹುದಿತ್ತು. ಈಗ ಅದು 10 ಭಾಗವನ್ನು ಮೀರುವಂತಿಲ್ಲ. ಗಂಧಕವನ್ನು ತೆಗೆಯುವಾಗ ಡೀಸೆಲ್‌ಗೆ ಸಹಜವಾಗಿದ್ದ ಜಾರುವ ಗುಣವೂ ಕಡಿಮೆಯಾಗುತ್ತದೆ ಎಂಬುದು ನಿಜ. “ಈಗಿನ ಡೀಸೆಲ್ ಒಣ ಡೀಸೆಲ್, ಪಂಪ್ ಸವೆಯುತ್ತದೆ” ಎಂದು ಹೇಳಿ ಸೀಸೆ ಮಾರುವವರು ಈ ಅರ್ಧ ಸತ್ಯವನ್ನೇ ಹಿಡಿದುಕೊಂಡಿದ್ದಾರೆ. ಇನ್ನರ್ಧವೆಂದರೆ, ಆ ಕೊರತೆಯನ್ನು ಸರಿಪಡಿಸಿದ ಮೇಲೆಯೇ ಡೀಸೆಲ್ ಬಂಕಿಗೆ ಬರಬೇಕು. ಜಾರುವ ಗುಣದ ಪರೀಕ್ಷೆಯಲ್ಲಿ ಸವೆತದ ಗುರುತು 460 ಮೈಕ್ರಾನ್ ಮೀರಬಾರದೆಂದು ಭಾರತೀಯ ಮಾನಕವೇ ಹೇಳುತ್ತದೆ. ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆಂಬುದನ್ನು ತೋರಿಸುವ ಸೀಟೇನ್ ಸಂಖ್ಯೆಯೂ 51ಕ್ಕಿಂತ ಕಡಿಮೆ ಇರಬಾರದು. ಹೀಗಿರುವಾಗ ಸೀಟೇನ್ ಹೆಚ್ಚಿಸುವ ಸೀಸೆಯನ್ನು ಮತ್ತೆ ಸುರಿಯುವುದು, ಸಾರಜನಕ ಸಾಕಷ್ಟಿರುವ ಹೊಲಕ್ಕೆ ಇನ್ನೊಂದು ಮೂಟೆ ಯೂರಿಯಾ ಚೆಲ್ಲಿದಂತೆ.

ಚಳಿಯಲ್ಲಿ ಡೀಸೆಲ್ ಗಟ್ಟಿಯಾಗದಂತೆ ತಡೆಯುವ ದ್ರಾವಣಗಳೂ ಇವೆ. ಲಡಾಖ್‌ಗೆಂದೇ 2019ರಲ್ಲಿ ಚಳಿಗಾಲದ ವಿಶೇಷ ಡೀಸೆಲ್ ಬಿಡುಗಡೆ ಮಾಡಲಾಯಿತು. ಅಲ್ಲಿ ಅದಕ್ಕೆ ಅರ್ಥವಿದೆ. ಬೀದರಿನ ಡಿಸೆಂಬರ್ ಚಳಿಗೆ ಅದು ಬೇಡ. ‘ಆಕ್ಟೇನ್’ ಎಂದು ಬರೆದಿರುವ ಸೀಸೆಯಂತೂ ಪೆಟ್ರೋಲ್ ಗಾಡಿಯದು. ಬೇಗನೆ ಹೊತ್ತಿಕೊಳ್ಳದಿರುವುದು ಪೆಟ್ರೋಲ್‌ನ ಗುಣ, ಬೇಗನೆ ಹೊತ್ತಿಕೊಳ್ಳುವುದು ಡೀಸೆಲ್‌ನ ಗುಣ. ಅದನ್ನು ಡೀಸೆಲ್‌ಗೆ ಹಾಕಿದರೆ ಕೆಡುಕೇ ಆದೀತು.

ಇಂಜೆಕ್ಟರ್‌ನ ಸೂಕ್ಷ್ಮ ರಂಧ್ರಗಳಲ್ಲಿ ಕಟ್ಟಿಕೊಂಡ ಮಸಿಯನ್ನು ತೊಳೆಯುವ ಡಿಟರ್ಜೆಂಟ್ ಮಾದರಿಯ ದ್ರಾವಣಕ್ಕೆ ಮಾತ್ರ ಸ್ವಲ್ಪ ಬೆಲೆ ಕೊಡಬಹುದು. ಗಾಡಿ ಹಳೆಯದಾಗಿ, ಇಂಜಿನ್ ಒರಟಾಗಿ ಓಡುತ್ತಾ ಕಪ್ಪು ಹೊಗೆ ಬರುತ್ತಿದ್ದು, ಏರ್ ಫಿಲ್ಟರ್ ಬದಲಾಯಿಸಿದರೂ ಸರಿಹೋಗದಿದ್ದರೆ ಮೆಕ್ಯಾನಿಕ್‌ನ ಸಲಹೆಯಂತೆ ಒಂದೆರಡು ಟ್ಯಾಂಕಿಗೆ ಹಾಕಿ ನೋಡಿ. ಬಂಕುಗಳಲ್ಲಿ ಹೆಚ್ಚಿನ ಬೆಲೆಗೆ ದೊರೆಯುವ ವಿಶೇಷ ಡೀಸೆಲ್‌ನಲ್ಲಿ ಇಂತಹ ದ್ರಾವಣ ಮೊದಲೇ ಸೇರಿರುತ್ತದೆ. ಅದನ್ನೂ ಹಾಕಿಸಿ, ಮೇಲೆ ಸೀಸೆಯನ್ನೂ ಸುರಿಯುವವರನ್ನು ನೋಡಿದ್ದೇನೆ!

ಸಾಮಾನ್ಯವಾಗಿ ನಮ್ಮ ರೈತರ ಗಾಡಿಗಳನ್ನು ಕೆಡಿಸುವುದು ಡೀಸೆಲ್‌ನ ಗುಣವಲ್ಲ, ಅದರೊಳಗೆ ಸೇರುವ ನೀರು. ತೋಟದ ಮನೆಯಲ್ಲಿ ಟ್ರ್ಯಾಕ್ಟರಿಗೂ ಪಿಕಪ್ಪಿಗೂ ಒಂದೇ ಡ್ರಮ್ಮಿನಲ್ಲಿ ಡೀಸೆಲ್ ಇಡುವುದು ಎಲ್ಲೆಡೆ ಇರುವ ಪದ್ಧತಿ. ಅರ್ಧ ಖಾಲಿಯಾದ ಡ್ರಮ್ಮು ಹಗಲು ಬಿಸಿಯಾಗಿ ರಾತ್ರಿ ತಣ್ಣಗಾದಾಗ ಹೊರಗಿನ ತೇವದ ಗಾಳಿಯನ್ನು ಒಳಗೆಳೆಯುತ್ತದೆ. ಆ ತೇವ ಹನಿಗಟ್ಟಿ ತಳ ಸೇರುತ್ತದೆ. ಮುಂಗಾರಿನಲ್ಲಿ ಇದು ಇನ್ನೂ ಹೆಚ್ಚು. ನೀರು ಮತ್ತು ಡೀಸೆಲ್ ಕೂಡುವ ಪದರದಲ್ಲಿ ಶಿಲೀಂಧ್ರ ಬೆಳೆದು ಕಂದು ಬಣ್ಣದ ಲೋಳೆ ಕಟ್ಟುತ್ತದೆ. ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಈ ಲೋಳೆಯನ್ನೇ. ಹಳೆಯ ಇಂಜಿನ್‌ಗಳು ಇದನ್ನು ಒಂದಿಷ್ಟು ಸಹಿಸುತ್ತಿದ್ದವು. ಈಗಿನ ಕಾಮನ್ ರೈಲ್ ಇಂಜಿನ್‌ಗಳಲ್ಲಿ ಡೀಸೆಲ್ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಚಿಮ್ಮುತ್ತದೆ, ಬಿಡಿಭಾಗಗಳ ನಡುವಿನ ಅಂತರ ಕೆಲವೇ ಮೈಕ್ರಾನ್. ಅಲ್ಲಿಗೆ ನೀರಿನ ಹನಿ ಹೋದರೆ ಇಂಜೆಕ್ಟರ್ ಹಾಳು. ಟೊಮೆಟೊ ತುಂಬಿಕೊಂಡು ನಡುರಾತ್ರಿ ಕೋಲಾರದ ಮಾರುಕಟ್ಟೆಗೆ ಹೊರಟ ಗಾಡಿ ದಾರಿಯಲ್ಲಿ ನಿಂತರೆ ಆಗುವ ನಷ್ಟ ಇಂಜೆಕ್ಟರಿನ ಬೆಲೆಯಷ್ಟೇ ಅಲ್ಲ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಇದಕ್ಕೂ ಸೀಸೆ ಮಾರುತ್ತಾರೆ. ಅದರಲ್ಲಿ ಎರಡು ಬಗೆ ಇದೆ. ಒಂದು, ನೀರನ್ನು ಡೀಸೆಲ್‌ನಿಂದ ಬೇರ್ಪಡಿಸಿ ತಳಕ್ಕೆ ಇಳಿಸುವುದು. ಇನ್ನೊಂದು, ನೀರನ್ನು ಸಣ್ಣ ಹನಿಗಳಾಗಿ ಒಡೆದು ಡೀಸೆಲ್‌ನಲ್ಲೇ ಬೆರೆಸಿಬಿಡುವುದು. ಎರಡನೆಯದು ಮೇಲ್ನೋಟಕ್ಕೆ ಚಮತ್ಕಾರದಂತೆ ಕಾಣುತ್ತದೆ, ತಳದಲ್ಲಿದ್ದ ನೀರು ಮಾಯವಾಗಿರುತ್ತದೆ. ಆದರೆ ಆ ನೀರು ಫಿಲ್ಟರನ್ನು ದಾಟಿ ಇಂಜೆಕ್ಟರಿಗೇ ಹೋಗುತ್ತದೆ. ಹೊಸ ಗಾಡಿಗೆ ಇದನ್ನು ಖಂಡಿತ ಹಾಕಬಾರದು. ನೀರು ತೆಗೆಯಲು ಒಂದು ಸ್ಪ್ಯಾನರ್ ಸಾಕು: ಫಿಲ್ಟರಿನ ತಳದಲ್ಲಿರುವ ತಿರುಪನ್ನು ಸಡಿಲಿಸಿ, ಶುದ್ಧ ಡೀಸೆಲ್ ಬರುವವರೆಗೆ ಹೊರಬಿಡಿ. ಮಳೆಗಾಲದಲ್ಲಿ ಇದನ್ನು ಹೆಚ್ಚು ಸಲ ಮಾಡಬೇಕು. ನೀರಿನ ದೀಪ ಹೊತ್ತಿದರೆ ತಡಮಾಡಬಾರದು. ಡ್ರಮ್ಮನ್ನು ನೆರಳಿನಲ್ಲಿ ತುಸು ವಾಲಿಸಿ ಇಟ್ಟು, ಒಂದು ದಿನ ತಂಗಲು ಬಿಟ್ಟು, ತಳದ ನಾಲ್ಕು ಬೆರಳಷ್ಟು ಬಿಟ್ಟು ಮೇಲಿನದನ್ನಷ್ಟೇ ಎಳೆದುಕೊಳ್ಳಿ. ಸತು ಲೇಪಿತ ಡ್ರಮ್ಮು ಬೇಡ. ಸತು ಡೀಸೆಲ್‌ನಲ್ಲಿ ಸೇರಿ ಇಂಜೆಕ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ.

ಸೀಮೆಎಣ್ಣೆ ಬೆರೆಸುವುದು, ಬೈಕಿನ ಟು-ಸ್ಟ್ರೋಕ್ ಆಯಿಲ್ ಸುರಿಯುವುದು, ಇವು ಅಲ್ಲಲ್ಲಿ ನಡೆಯುವ ಸ್ವಂತ ಪ್ರಯೋಗಗಳು. ಸೀಮೆಎಣ್ಣೆ ತೆಳು, ಪಂಪನ್ನು ಸವೆಸುತ್ತದೆ. ಆಯಿಲಿನಲ್ಲಿರುವ ಲೋಹದ ಅಂಶ ಬೂದಿಯಾಗಿ, ಬಿ.ಎಸ್.-6 ಗಾಡಿಯ ಸೈಲೆನ್ಸರ್ ಬಳಿಯ ಮಸಿ ಹಿಡಿಯುವ ಫಿಲ್ಟರಿನಲ್ಲಿ ಉಳಿಯುತ್ತದೆ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗದು. ಕಬ್ಬಿಣ ಮುಂತಾದ ಲೋಹ ಸೇರಿದ ಸೀಸೆಗಳಿಗೂ ಇದೇ ಮಾತು. ಗಾಡಿಯ ಕೈಪಿಡಿಯಲ್ಲಿ ಒಪ್ಪದ್ದನ್ನು ಹಾಕಿ ಏನಾದರೂ ಕೆಟ್ಟರೆ ವಾರಂಟಿಯೂ ದೊರೆಯದೆ ಹೋಗಬಹುದು.

ಇಷ್ಟಾದರೂ “ನಮ್ಮೂರಿನವರಿಗೆ ಮೈಲೇಜ್ ಬಂದಿದೆ” ಎನ್ನುವವರಿಗೆ ನನ್ನ ಉತ್ತರ, ಪ್ರಯೋಗ ಮಾಡಿ ಎಂಬುದೇ. 300 ರೂಪಾಯಿಯ ಸೀಸೆ 50 ಲೀಟರಿಗೆ ಆಗುತ್ತದೆಂದು ಇಟ್ಟುಕೊಳ್ಳಿ. ಲೀಟರಿಗೆ 6 ರೂಪಾಯಿ ಆಯಿತು. ಡೀಸೆಲ್ 90 ರೂಪಾಯಿ ಇದ್ದಾಗ, ಲೀಟರಿಗೆ 12 ಕಿಲೋಮೀಟರ್ ಓಡುವ ಗಾಡಿ 12.8 ಓಡಿದರೆ ಮಾತ್ರ ಹಾಕಿದ ಹಣ ಹಿಂತಿರುಗುತ್ತದೆ. ಲಾಭ ಅದರ ಮೇಲಿನದು. ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬ ಹಾಕಿಸುತ್ತಾ, ಐದು ಸಲ ಸೀಸೆಯಿಲ್ಲದೆ, ಐದು ಸಲ ಸೀಸೆಯೊಡನೆ, ಮತ್ತೆ ಐದು ಸಲ ಇಲ್ಲದೆ ಓಡಿಸಿ ಬರೆದಿಡಿ. ಟೈರಿನ ಗಾಳಿ, ಹೊರೆ, ದಾರಿ ಆದಷ್ಟೂ ಒಂದೇ ಇರಲಿ. ನಾವು ತಳಿಗಳನ್ನು ಹೋಲಿಸುವಾಗ ಮಾಡುವುದೂ ಇದನ್ನೇ. ಒಂದು ಸಲ ಹಾಕಿ ನೋಡಿ ‘ಚೆನ್ನಾಗಿದೆ’ ಎನ್ನುವುದು ಲೆಕ್ಕವಾಗುವುದಿಲ್ಲ. ಸೀಸೆ ಹಾಕಿದ ದಿನ ಡ್ರೈವರನ ಕಾಲೂ ಮೆತ್ತಗಿರುತ್ತದೆ.

ಇನ್ನೊಂದು ವಿಷಯ ನೇರವಾಗಿ ನನ್ನ ಶಾಖೆಗೇ ಸೇರಿದ್ದು. ಕೆಲವು ಬಿ.ಎಸ್.-6 ಗಾಡಿಗಳಲ್ಲಿ ನೀಲಿ ಮುಚ್ಚಳದ ಎರಡನೆಯ ಟ್ಯಾಂಕ್ ಇರುತ್ತದೆ. ಹೊಗೆಯನ್ನು ಶುದ್ಧಗೊಳಿಸಲು ಅದಕ್ಕೆ ಹಾಕುವ ದ್ರಾವಣದಲ್ಲಿ ಶೇ. 32.5 ಯೂರಿಯಾ ಇರುತ್ತದೆ. ಇದನ್ನು ತಿಳಿದವರು, ಮನೆಯಲ್ಲಿ ಮೂಟೆ ಇರುವಾಗ ಕೊಳ್ಳುವುದೇಕೆ ಎಂದು ಗೊಬ್ಬರದ ಯೂರಿಯಾವನ್ನೇ ಕೊಳವೆ ಬಾವಿಯ ನೀರಿನಲ್ಲಿ ಕರಗಿಸಲು ಹೊರಡುತ್ತಾರೆ. ದಯವಿಟ್ಟು ಮಾಡಬೇಡಿ. ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿದೆ. ಅದರಲ್ಲಿ ಬಯೂರೆಟ್ ಶೇ. 1.5ರವರೆಗೆ ಇರಬಹುದು, ಗಾಡಿಯ ದ್ರಾವಣದಲ್ಲಿ ಶೇ. 0.3 ಮೀರುವಂತಿಲ್ಲ. ಗಡಸು ನೀರಿನ ಸುಣ್ಣದಂಶವೂ ಸೇರಿ ಚಿಮ್ಮುವ ನಳಿಕೆ ಕಟ್ಟುತ್ತದೆ, ಒಳಗಿನ ಬಲು ದುಬಾರಿಯಾದ ವೇಗವರ್ಧಕ ಕೆಡುತ್ತದೆ. ಸಹಾಯಧನದ ಗೊಬ್ಬರವನ್ನು ಕೃಷಿಯೇತರ ಕೆಲಸಕ್ಕೆ ಬಳಸುವುದು 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ಅಪರಾಧವೂ ಹೌದು.

ಆ ದ್ರಾವಣವನ್ನು ಕೈತಪ್ಪಿ ಡೀಸೆಲ್ ಟ್ಯಾಂಕಿಗೇ ಸುರಿದುಬಿಟ್ಟರೆ ಕೀಲಿ ತಿರುಗಿಸಲೇಬೇಡಿ. ಇಂಜಿನ್ ಚಾಲೂ ಆಗದಿದ್ದರೆ ಟ್ಯಾಂಕ್ ಖಾಲಿ ಮಾಡಿ ತೊಳೆದರೆ ಮುಗಿಯಬಹುದು. ಒಮ್ಮೆ ಚಾಲೂ ಮಾಡಿದರೆ ಪಂಪು, ಇಂಜೆಕ್ಟರುಗಳಿಗೂ ಅದು ಹೋಗುತ್ತದೆ. ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಿ.