ಕಾಯಬಲ್ಲವನದೇ ಬೆಲೆ

ಬೆಲೆ ಬಿದ್ದಾಗ ರೈತನು ತಾನು ಬೆಳೆದ ಟೊಮೆಟೊವನ್ನು ರಸ್ತೆಯ ಬದಿಗೆ ಸುರಿದು ಬರಿಗೈಯಲ್ಲಿ ಊರಿಗೆ ಮರಳುತ್ತಾನೆ. ಬೆಲೆ ಏರಿದಾಗ ಪಟ್ಟಣದ ಕೂಲಿಕಾರನ ಮನೆಯಲ್ಲಿ ಹುಣಿಸೆಹುಳಿಯ ಸಾರೇ ಗತಿಯಾಗುತ್ತದೆ. ಈ ಎರಡು ಅನ್ಯಾಯಗಳೂ ಎಷ್ಟೋ ಸಲ ಒಂದೇ ವರ್ಷದಲ್ಲಿ, ಮೂರು ತಿಂಗಳ ಅಂತರದಲ್ಲಿ ನಡೆಯುತ್ತವೆ. ಇದನ್ನು ಕಂಡು ಹಣೆಬರಹ ಎನ್ನುವವರಿದ್ದಾರೆ. ಬೇಡಿಕೆ ಮತ್ತು ಪೂರೈಕೆಯ ನಿಯಮ ಎನ್ನುವ ಪಂಡಿತರೂ ಇದ್ದಾರೆ. ನಾವು ಈ ಎರಡು ಮಾತನ್ನೂ ಒಪ್ಪುವುದಿಲ್ಲ.

2023ನೆಯ ಇಸವಿಯನ್ನು ಓದುಗರು ಮರೆತಿರಲಾರರು. ಆ ವರ್ಷದ ಜುಲೈ ತಿಂಗಳಲ್ಲಿ ನಮ್ಮ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ಹರಾಜು 2,000 ರೂಪಾಯಿಗಳನ್ನು ದಾಟಿತು. ದೆಹಲಿಯ ಜನ ಕೂಗೆಬ್ಬಿಸಿದರು. ಕೇಂದ್ರ ಸರ್ಕಾರವು ಗ್ರಾಹಕರ ಸಹಕಾರಿ ಒಕ್ಕೂಟದ ಮೂಲಕ ಟೊಮೆಟೊ ಖರೀದಿಸಿ ಅಲ್ಲಿ ಕಿಲೋಗೆ 90 ರೂಪಾಯಿಯಂತೆ, ಅನಂತರ ಇನ್ನೂ ಕಡಿಮೆ ಬೆಲೆಗೆ ಮಾರಿತು. ನೇಪಾಳದಿಂದಲೂ ತರಿಸಿತು. ಸೆಪ್ಟೆಂಬರಿನ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಏರಿದ ಬೆಲೆಯನ್ನು ಇಳಿಸಲು ಲಾರಿ ಕಟ್ಟಿ ಹೊರಟ ಸರ್ಕಾರಕ್ಕೆ, ಬಿದ್ದ ಬೆಲೆಯನ್ನು ಎತ್ತುವಾಗ ಆ ಉತ್ಸಾಹ ಉಳಿದಿರಲಿಲ್ಲ. ಏಕೆ?

ಇದಕ್ಕೆ ಉತ್ತರ ಹುಡುಕಬೇಕಾದರೆ ಸರಕು ಸಾಗಣೆಯ ಶಾಸ್ತ್ರದ ಮೊದಲ ಪಾಠಗಳನ್ನು ದುಡಿಯುವ ಜನರೂ ತಿಳಿಯಬೇಕು. ಲಾಜಿಸ್ಟಿಕ್ಸ್ ಎಂಬ ದೊಡ್ಡ ಹೆಸರಿನ ಈ ಶಾಸ್ತ್ರ ಬೆಳೆದದ್ದು ದಂಡಿನಲ್ಲಿ. ಸೈನಿಕನಿಗೆ ಅನ್ನ, ಬಂದೂಕಿಗೆ ಗುಂಡು ಸಕಾಲಕ್ಕೆ ಮುಟ್ಟದಿದ್ದರೆ ಎಂಥ ಶೂರನ ಸೈನ್ಯವೂ ಸೋಲುತ್ತದೆ. ಇಂದು ದೊಡ್ಡ ಕಂಪನಿಗಳು ಇದೇ ವಿದ್ಯೆಯನ್ನು ಸಂಬಳ ಕೊಟ್ಟು ಕಲಿಸುತ್ತವೆ. ಅದರ ತಿರುಳು ಇಷ್ಟೇ: ಹೊಲದಿಂದ ಒಲೆಯವರೆಗೆ ಮೂರು ಹರಿವುಗಳಿವೆ. ಸರಕು ಕೆಳಕ್ಕೆ ಹರಿಯುತ್ತದೆ. ಹಣ ಮೇಲಕ್ಕೆ ಹರಿಯುತ್ತದೆ. ಸುದ್ದಿ ಎರಡೂ ಕಡೆಗೆ ಹರಿಯಬೇಕು. ಈ ಹರಿವಿನ ನಡುವೆ ಅಲ್ಲಲ್ಲಿ ದಾಸ್ತಾನು ಇರುತ್ತದೆ. ಕೆರೆಯಿಲ್ಲದ ಊರಿನಲ್ಲಿ ಮಳೆ ಬಂದರೆ ಪ್ರವಾಹ, ಹೋದರೆ ಬರ. ದಾಸ್ತಾನು ಇಲ್ಲದ ಸರಪಳಿಯ ಗತಿಯೂ ಅದೇ.

ಈ ಅಳತೆಗೋಲಿನಿಂದ ಟೊಮೆಟೊವನ್ನು ನೋಡೋಣ. ದೂರದ ಊರಿಗೆ ಹೋಗಬೇಕಾದ ಕಾಯನ್ನು ಬಣ್ಣ ತಿರುಗುವಾಗಲೇ ಕೀಳುತ್ತಾರೆ. ಆದರೂ ಬಿಸಿಲಿನಲ್ಲಿ ಅದರ ಆಯುಷ್ಯ ಕೆಲವೇ ದಿನ. ದೆಹಲಿ ಇಲ್ಲಿಂದ 2,000 ಕಿಲೋಮೀಟರಿಗೂ ಮಿಕ್ಕ ದಾರಿ. ಆಯುಷ್ಯದ ದೊಡ್ಡ ಪಾಲು ಲಾರಿಯಲ್ಲೇ ಮುಗಿಯುತ್ತದೆ. ಹೀಗಿರುವಾಗ ಬೆಳಗಿನ ಹರಾಜಿಗೆ ಬಂದ ರೈತನು, "ಈ ಬೆಲೆ ನನಗೆ ಬೇಡ, ನಾಳೆ ಮಾರುತ್ತೇನೆ" ಎನ್ನಬಲ್ಲನೇ? ಬಾಡಿಗೆಯ ಟೆಂಪೊ ಹೊರಗೆ ನಿಂತಿದೆ. ಬಿಡಿಸಿದ ಆಳುಗಳ ಕೂಲಿ ಬಾಕಿ ಇದೆ. ಸಂಜೆಯ ಹೊತ್ತಿಗೆ ಹಣ್ಣು ಮೆತ್ತಗಾಗುತ್ತದೆ. ವ್ಯಾಪಾರಿಗೋ, ಯಾವ ಊರಿನಲ್ಲಿ ಏನು ಬೆಲೆ ಎಂಬುದು ದೂರವಾಣಿಯಲ್ಲಿ ಆಗಲೇ ತಿಳಿದಿದೆ. ಬೇಡವೆಂದರೆ ಪಕ್ಕದ ರಾಶಿಗೆ ಹೋಗುತ್ತಾನೆ. ಒಬ್ಬನು ಕಾಯಬಲ್ಲ, ಇನ್ನೊಬ್ಬನು ಕಾಯಲಾರ. ಬೆಲೆಯನ್ನು ಕಟ್ಟುವವನು ಕಾಯಬಲ್ಲವನೇ.

ಎರಡನೆಯ ಪಾಠ ಕಾಲದ ಅಂತರದ್ದು. ಇಂದು ಬೆಲೆ ನೋಡಿ ನಾರು ನೆಟ್ಟರೆ ಮೊದಲ ಬೀಡು ಕೈಗೆ ಬರಲು ಎರಡು, ಎರಡೂವರೆ ತಿಂಗಳು ಬೇಕು. ಜುಲೈ ತಿಂಗಳ ಬೆಲೆಯನ್ನು ನಂಬಿ ಸಾವಿರಾರು ರೈತರು, ಒಬ್ಬರ ಲೆಕ್ಕ ಒಬ್ಬರಿಗೆ ತಿಳಿಯದೆ, ಒಟ್ಟಿಗೇ ನೆಡುತ್ತಾರೆ. ಬೆಳೆ ಒಟ್ಟಿಗೇ ಬರುತ್ತದೆ. ಸುದ್ದಿ ಹರಿಯದ ಸರಪಳಿಯಲ್ಲಿ ಸಣ್ಣ ಏರುಪೇರು ಮುಂದೆ ಮುಂದೆ ಹೋದಂತೆ ದೊಡ್ಡ ಅಲೆಯಾಗುವುದನ್ನು ಅಮೆರಿಕದ ಜೇ ಫಾರೆಸ್ಟರ್ 1961ರಲ್ಲೇ ಕಾರ್ಖಾನೆಗಳ ಉದಾಹರಣೆಯಿಂದ ತೋರಿಸಿಕೊಟ್ಟರು. ಇದರಲ್ಲಿ ರೈತನ ದುರಾಸೆಯೇನೂ ಇಲ್ಲ. ಅವನನ್ನು ಕತ್ತಲೆಯಲ್ಲಿ ಇಟ್ಟ ವ್ಯವಸ್ಥೆಯ ದೋಷವಿದು. 2024ರಲ್ಲಿ ರಿಸರ್ವ್ ಬ್ಯಾಂಕು ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಗ್ರಾಹಕನು ಟೊಮೆಟೊಗೆ ಕೊಡುವ 100 ರೂಪಾಯಿಯಲ್ಲಿ ಬೆಳೆದವನಿಗೆ ದಕ್ಕುವುದು ಸುಮಾರು 33 ರೂಪಾಯಿ ಮಾತ್ರ.

ಬೇಗ ಕೆಡುವ ಸರಕಿಗೆ ಇದು ತಪ್ಪದು ಎನ್ನುವವರಿಗೆ ನಾವು ಇದೇ ಜಿಲ್ಲೆಯ ಇನ್ನೊಂದು ಸರಕನ್ನು ತೋರಿಸುತ್ತೇವೆ. ಟೊಮೆಟೊ ದಿನಗಳಲ್ಲಿ ಕೆಟ್ಟರೆ ಹಾಲು ಗಂಟೆಗಳಲ್ಲಿ ಕೆಡುತ್ತದೆ. ಆದರೂ ಎರಡು ಹಸು ಕಟ್ಟಿದ ಹೆಣ್ಣುಮಗಳು ಹಾಲನ್ನು ಚರಂಡಿಗೆ ಚೆಲ್ಲಿ ಮನೆಗೆ ಬರುವುದಿಲ್ಲ. ಊರಿನಲ್ಲೇ ಸಂಘವಿದೆ. ಬೆಳಿಗ್ಗೆ ಸಂಜೆ ಅಳತೆಯಾಗುತ್ತದೆ, ಜಿಡ್ಡಿನ ಅಂಶ ಪರೀಕ್ಷೆಯಾಗುತ್ತದೆ. ದರ ಮೊದಲೇ ಗೊತ್ತು. ಹಾಲು ಶೀತಲೀಕರಣ ಕೇಂದ್ರದಲ್ಲಿ 4 ಡಿಗ್ರಿಗೆ ತಂಪಾಗಿ ಟ್ಯಾಂಕರ್ ಏರುತ್ತದೆ. ಮಿಕ್ಕ ಹಾಲು ಪುಡಿಯಾಗಿ ದಾಸ್ತಾನಾಗುತ್ತದೆ. ಆ ಪುಡಿಯೇ 2013ರಿಂದ ಕ್ಷೀರಭಾಗ್ಯವೆಂಬ ಹೆಸರಿನಲ್ಲಿ ಸರ್ಕಾರಿ ಶಾಲೆಯ ಮಕ್ಕಳ ಲೋಟ ಸೇರಿದೆ. ಹಾಲಿನಲ್ಲಿ ಉತ್ಪಾದಕನ ಪಾಲು 100ಕ್ಕೆ ಸುಮಾರು 70 ಎಂದು ರಿಸರ್ವ್ ಬ್ಯಾಂಕಿನ ಅಧ್ಯಯನಗಳೇ ಹೇಳುತ್ತವೆ. ಅದೇ ಮಣ್ಣು, ಅದೇ ರೈತ, ಅದೇ ರಸ್ತೆ. ವ್ಯತ್ಯಾಸ ಒಂದೇ: ಅಲ್ಲಿ ಸರಪಳಿಯ ಕೊಂಡಿಗಳು ಉತ್ಪಾದಕರ ಸಹಕಾರದ ಕೈಯಲ್ಲಿವೆ.

ಹಾಲಿನ ಸಂಘಗಳಲ್ಲಿ ಎಲ್ಲವೂ ಸುಖವೆಂದು ನಾವು ಹೇಳುತ್ತಿಲ್ಲ. ಪ್ರಬಲರು ಕುರ್ಚಿ ಹಿಡಿದಿರುವ ಸಂಘಗಳಿವೆ. ಬಟವಾಡೆ ತಡವಾಯಿತೆಂಬ, ದರ ಸಾಲದೆಂಬ ದೂರುಗಳೂ ಇವೆ. ಆದರೆ ಅಲ್ಲಿ ದೂರು ಹೇಳಲು ಒಂದು ಸಭೆಯಿದೆ, ಕುರ್ಚಿಯಿಂದ ಇಳಿಸಲು ಒಂದು ಮತವಿದೆ. ಹರಾಜುಕಟ್ಟೆಯಲ್ಲಿ ರೈತನಿಗೆ ಇವೆರಡೂ ಇಲ್ಲ. ಹಾಗೆಯೇ, ಮಂಡಿಯವರೆಲ್ಲ ಕೆಲಸವಿಲ್ಲದೆ ತಿನ್ನುವವರೆಂದೂ ನಾವು ಹೇಳುವುದಿಲ್ಲ. ವಿಂಗಡಿಸುವುದು, ತುಂಬಿಸುವುದು, ದೂರದ ಊರಿನ ಬಾಕಿಯ ಅಪಾಯ ಹೊರುವುದು ಕೆಲಸವೇ. ಆ ಕೆಲಸಕ್ಕೆ ಕೂಲಿ ಸಲ್ಲಲಿ. ಇನ್ನೊಬ್ಬನು ಕಾಯಲಾರನೆಂಬುದರಿಂದ ಹುಟ್ಟುವ ಲಾಭವನ್ನು ಮಾತ್ರ ಯಾವ ನ್ಯಾಯವೂ ಸಮರ್ಥಿಸಲಾರದು.

ಆಗಬೇಕಾದ್ದೇನು? 2018ರ ಕೇಂದ್ರ ಬಜೆಟ್ಟಿನಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಾಗಿ 500 ಕೋಟಿ ರೂಪಾಯಿಯ ಯೋಜನೆ ಘೋಷಣೆಯಾಯಿತು. ಐದು ವರ್ಷಗಳ ಮೇಲೂ 2023ರ ಏರಿಳಿತ ತಪ್ಪಲಿಲ್ಲ. ಹಣ ಘೋಷಿಸಿದರೆ ಸಾಲದು, ಕೊಂಡಿ ಯಾರ ಕೈಗೆ ಎಂಬುದು ಮುಖ್ಯ. ಮೊದಲನೆಯದಾಗಿ, ನರ್ಸರಿಗಳಿಂದ ವಾರವಾರ ಎಷ್ಟು ನಾರು ಮಾರಾಟವಾಯಿತೆಂಬ ಲೆಕ್ಕವನ್ನು ತೋಟಗಾರಿಕೆ ಇಲಾಖೆ ಪಂಚಾಯಿತಿಯ ಹಲಗೆಯ ಮೇಲೆ ಬರೆಯಿಸಲಿ. ಇದಕ್ಕೆ ಕೋಟಿಗಳು ಬೇಕಿಲ್ಲ. ಎರಡನೆಯದಾಗಿ, ಹಾಲಿನ ಸಂಘಗಳ ಮಾದರಿಯಲ್ಲಿ ಹೋಬಳಿಗೊಂದು ಸಹಕಾರಿ ಸಂಗ್ರಹ ಕೇಂದ್ರ ಬರಲಿ. ಅಲ್ಲಿ ತೂಕ, ವಿಂಗಡಣೆ, ತಂಪು ಕೋಣೆ ಇರಲಿ. ಟೊಮೆಟೊವನ್ನು ತಿಂಗಳುಗಟ್ಟಲೆ ಇಡಲಾಗದೆಂಬುದು ನಮಗೆ ಗೊತ್ತು. ಆದರೆ ನಾಲ್ಕು ದಿನ ಕಾಯುವ ಶಕ್ತಿಯೂ ಹರಾಜಿನ ಸ್ವರವನ್ನು ಬದಲಿಸುತ್ತದೆ. ಮೂರನೆಯದಾಗಿ, ರಸ ಮತ್ತು ಗೊಜ್ಜು ಮಾಡುವ ಸಹಕಾರಿ ಕಾರ್ಖಾನೆ ಬರಲಿ. ಅದಕ್ಕೆ ತಿರುಳು ಹೆಚ್ಚಿರುವ ತಳಿ ಬೇಕಾದ್ದರಿಂದ, ನಾಟಿಗೆ ಮುಂಚೆಯೇ ದರ ಗೊತ್ತುಮಾಡಿ ಬೆಳೆಸಲಿ.

1959ರಲ್ಲಿ ಮರಿಗೌಡರ ಮುಂದಾಳ್ತನದಲ್ಲಿ ಹಾಪ್‌ಕಾಮ್ಸ್ ಹುಟ್ಟಿದಾಗ ತೋಟದ ಬೆಳೆಗೂ ಸಹಕಾರ ಸಾಧ್ಯವೆಂದು ಈ ನಾಡು ಕಂಡಿತು. ಬೆಂಗಳೂರಿನ ಅಂಗಡಿಯಲ್ಲಿ ಕಂಡ ಆ ಕೊಂಡಿ ನಮ್ಮ ಹೊಲದ ಬದುವಿನವರೆಗೂ ಬರಬೇಕು. ಬೆಳೆಯುವ ಕಷ್ಟವನ್ನು ರೈತನು ಎಂದಿನಿಂದಲೂ ಹೊತ್ತಿದ್ದಾನೆ. ಇನ್ನು ಅವನಿಗೆ ಬೇಕಾದ್ದು ಕಾಯುವ ಹಕ್ಕು. ಒಬ್ಬೊಬ್ಬರಾಗಿ ಅದನ್ನು ಯಾರೂ ಪಡೆಯಲಾರರು. ಸಂಘ ಕಟ್ಟಿದರೆ ಮಾತ್ರ ಅದು ದಕ್ಕೀತು.