ಯಕೃತ್ತಿನ ರಕ್ಷಣೆ: ಔಷಧಕ್ಕಿಂತ ಮೊದಲು ಎಚ್ಚರ

ಬಾಂದ್ರಾದ ಔಷಧದಂಗಡಿಯಲ್ಲಿ ಜ್ವರಕ್ಕೊಂದು, ನೆಗಡಿಗೊಂದು, ಮೈಕೈ ನೋವಿಗೊಂದು ಮಾತ್ರೆ ಕೊಳ್ಳುವವರುಂಟು. ಹೆಸರು ಬೇರೆಯಾದರೂ ಮೂರರಲ್ಲಿಯೂ ಪ್ಯಾರಾಸಿಟಮಾಲ್ ಇರಬಹುದು. ವಯಸ್ಕರಿಗೆ ದಿನಕ್ಕೆ 4 ಗ್ರಾಮೇ ಮೇರೆ. ಯಕೃತ್ತಿನ ಕಿಣ್ವಗಳು ಈ ಔಷಧದ ಒಂದಂಶವನ್ನು ವಿಷವಾಗಿಸುತ್ತವೆ. ಪ್ರಮಾಣ ಮೀರಿದರೆ, ಆ ವಿಷವನ್ನು ಅಡಗಿಸುವ ಗ್ಲುಟಾಥಯೋನ್ ಬರಿದಾಗಿ ಯಕೃತ್ತು ನಾಶವಾಗುತ್ತದೆ.

ಆ ಕಿಣ್ವವನ್ನೇ ತಡೆಯುವ ಫೋಮೆಪಿಜೋಲ್ ಭರವಸೆ ಮೂಡಿಸಿದೆಯಾದರೂ ಈ ಉಪಯೋಗಕ್ಕೆ ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಸಿದ್ಧವಾಗಿರುವ ಪ್ರತಿವಿಷ ಅಸಿಟೈಲ್‌ಸಿಸ್ಟೀನ್. 8 ಗಂಟೆಯೊಳಗೆ ದೊರೆತರೆ ಅದರ ಫಲ ಅತ್ಯುತ್ತಮ. ಮೊದಲ ದಿನ ಲಕ್ಷಣಗಳು ಕಾಣದಿರಬಹುದು. ಹಾಗೆಂದು ಕಾಯದೆ ಕೂಡಲೇ ಆಸ್ಪತ್ರೆ ಸೇರಬೇಕು.

ಊರಿನಿಂದ ಬಂದ ಎಷ್ಟೋ ಹಿರಿಯರಿಗೆ ಪೊಟ್ಟಣದ ಮೇಲಿನ ಇಂಗ್ಲಿಷು ತಿಳಿಯದು. ಅದನ್ನು ಓದಿ ಹೇಳುವುದು ಮನೆಯ ಕಿರಿಯರ ಕರ್ತವ್ಯ.